ಉಬ್ಬುಮೀನು: ಅದರ ಗುರುತು, ಅದರ ವಿಷ



ಮೈಸೂರಿಗೂ ಸಮುದ್ರಕ್ಕೂ ನಡುವೆ ಘಟ್ಟಗಳಿವೆ. ಇಲ್ಲಿಂದ ಮಂಗಳೂರನ್ನು ಮುಟ್ಟಬೇಕಾದರೆ ಸುಮಾರು ೨೫೦ ಕಿಲೋಮೀಟರು ದಾರಿ ಸಾಗಬೇಕು. ಹೀಗಿರುವಲ್ಲಿ ಕಡಲಿನ ಒಂದು ವಿಷಮತ್ಸ್ಯದ ವಿಚಾರವನ್ನು ಈ ಊರಿನವರ ಮುಂದೆ ವಿಸ್ತರಿಸುವುದೇತಕ್ಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮೀನನ್ನು ಮುಟ್ಟದ ಮನೆತನದವರಂತೂ ಕೇಳಿಯೇ ಕೇಳುವರು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಎರಡು ಉತ್ತರಗಳುಂಟು.

ಮೊದಲನೆಯದು ವ್ಯವಹಾರಕ್ಕೆ ಸಂಬಂಧಪಟ್ಟದ್ದು. ಮಂಜುಗಡ್ಡೆಯೂ ಲಾರಿಯೂ ಸೇರಿ ಸಮುದ್ರವನ್ನು ಮೈಸೂರಿನ ಬಾಗಿಲಿಗೆ ತಂದಿವೆ. ಕರಾವಳಿಯಲ್ಲಿ ಸಂಜೆ ಪೆಟ್ಟಿಗೆಗೆ ತುಂಬಿದ ಬಂಗುಡೆ, ಬೂತಾಯಿಗಳು ಮರುದಿನ ಇಲ್ಲಿನ ಅಂಗಡಿಗಳಲ್ಲಿರುತ್ತವೆ. ಆದರೆ ಮೀನಿನ ಜೊತೆಯಲ್ಲಿ ಮೀನಿನ ತಿಳಿವಳಿಕೆಯು ಲಾರಿಯೇರಿ ಬರುವುದಿಲ್ಲ. ಮಲ್ಪೆಯ ದಡದಲ್ಲಿ ಬೆಳೆದ ಹುಡುಗನು ಬಲೆಯಲ್ಲಿ ಬಿದ್ದುದರಲ್ಲಿ ಯಾವುದನ್ನು ಬುಟ್ಟಿಗೆ ಹಾಕಬೇಕು, ಯಾವುದನ್ನು ಕಾಲಿನಿಂದ ಅತ್ತ ನೂಕಬೇಕು ಎಂಬುದನ್ನು ಕಂಡು ಕಂಡೇ ಬಲ್ಲನು. ನಾವಾದರೋ ಮಾರುವವನ ಮಾತನ್ನು ನಂಬಿ ಕೊಳ್ಳತಕ್ಕವರು. ಆದಕಾರಣ ನಮಗೆ ಈ ವಿಷಯದ ತಿಳಿವಳಿಕೆ ಕರಾವಳಿಯವರಿಗಿಂತ ಹೆಚ್ಚಾಗಿಯೇ ಬೇಕು.

ಎರಡನೆಯ ಉತ್ತರವು ಶಾಸ್ತ್ರಕ್ಕೆ ಸಂಬಂಧಪಟ್ಟದ್ದು. ನಮ್ಮ ಮೈಯೊಳಗಿನ ನರಗಳು ಹೇಗೆ ಕೆಲಸಮಾಡುತ್ತವೆ ಎಂಬುದನ್ನು ಶರೀರಶಾಸ್ತ್ರಜ್ಞರಿಗೆ ತಿಳಿಸಿಕೊಟ್ಟ ಗುರುಗಳಲ್ಲಿ ಈ ಮೀನಿನ ವಿಷವೂ ಒಂದು. ಕೊಲ್ಲುವ ವಸ್ತುವು ಕಲಿಸುವ ವಸ್ತುವೂ ಆದುದು ಹೇಗೆ ಎಂಬುದು ಮೀನು ತಿನ್ನದವರಿಗೂ ರುಚಿಸಬಹುದಾದ ವಿಚಾರ.

ಇಂಗ್ಲಿಷಿನಲ್ಲಿ ಪಫರ್ ಎಂದು ಕರೆಯುವ ಈ ಮೀನನ್ನು ನಾವು ಈ ಹೊತ್ತು ಉಬ್ಬುಮೀನು ಎಂದು ಕರೆಯೋಣ. ಮಲೆಯಾಳದ ಬೆಸ್ತರು ಇದಕ್ಕೆ ಕಡಲಿನ ಕಪ್ಪೆ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಉಬ್ಬಿದ ಹೊಟ್ಟೆಯನ್ನೂ ಮೇಲಕ್ಕಿರುವ ದೊಡ್ಡ ಕಣ್ಣುಗಳನ್ನೂ ನೋಡಿದವರು ಆ ಹೆಸರನ್ನು ಒಪ್ಪದಿರಲಾರರು. ಪ್ರಾಣಿಶಾಸ್ತ್ರದಲ್ಲಿ ಈ ಕುಟುಂಬಕ್ಕೆ ಟೆಟ್ರಾಡಾಂಟಿಡೇ ಎಂದು ಹೆಸರು. ಅಂದರೆ ನಾಲ್ಕು ಹಲ್ಲಿನವು ಎಂದರ್ಥ. ಮೇಲಿನ ದವಡೆಯ ಹಲ್ಲುಗಳೆಲ್ಲ ಬೆಸೆದು ಎರಡು ಫಲಕಗಳಾಗಿ, ಕೆಳಗಿನವೂ ಹಾಗೆಯೇ ಎರಡಾಗಿ, ಬಾಯಿಯು ಗಿಣಿಯ ಕೊಕ್ಕಿನಂತೆ ಕಾಣುತ್ತದೆ. ಈ ಹಲ್ಲುಗಳು ಆಯುಷ್ಯವಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಏಡಿಯ ಚಿಪ್ಪನ್ನೂ ಶಂಖದ ಹುಳುವಿನ ಗೂಡನ್ನೂ ಕಡಿದು ಸವೆಯಿಸದಿದ್ದರೆ ಅದಕ್ಕೆ ಬಾಯಿ ಮುಚ್ಚುವುದೇ ಕಷ್ಟವಾಗುವುದು.

ಈ ಕುಟುಂಬದಲ್ಲಿ ಇನ್ನೂರರ ಸಮೀಪದಷ್ಟು ಜಾತಿಗಳಿವೆ. ಬಹುಪಾಲು ಉಷ್ಣವಲಯದ ಸಮುದ್ರಗಳವು; ಕೆಲವು ಅಳಿವೆಗಳವು; ಇನ್ನು ಕೆಲವು ಸಿಹಿನೀರಿನವು. ನಮ್ಮ ನಗರಗಳಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನು ಸಾಕುವವರು ಬಟಾಣಿಯ ಹೆಸರಿಟ್ಟು ಕರೆಯುವ ಹಳದಿಮೈಯ ಪುಟ್ಟ ಉಬ್ಬುಮೀನನ್ನು ಬಲ್ಲರು. ಅದು ಕೇರಳದ ನದಿಗಳ ಪ್ರಜೆ. ೧೯೪೧ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿದ್ವಾಂಸರು ಅದನ್ನು ವರ್ಣಿಸಿ ತಿರುವಾಂಕೂರಿನ ಹೆಸರನ್ನೇ ಅದಕ್ಕಿಟ್ಟರು. ಬೆರಳಿನ ಎರಡು ಗೆಣ್ಣಿನಷ್ಟೂ ಬೆಳೆಯದ ಆ ಮೀನಿನ ನೆಂಟನೊಬ್ಬನು ಕಡಲಿನಲ್ಲಿ ಒಂದು ಮೀಟರಿನಷ್ಟು ಉದ್ದಕ್ಕೆ ಬೆಳೆಯುತ್ತಾನೆ.

ಉಬ್ಬುವ ವಿದ್ಯೆಯು ಇದಕ್ಕೆ ಹೇಗೆ ಬಂದಿತು? ಈ ಮೀನು ನಿಧಾನವಾಗಿ ಈಜತಕ್ಕದ್ದು. ಬೆನ್ನಿನ ಹಿಂಭಾಗದಲ್ಲಿರುವ ಒಂದು ಈಜುರೆಕ್ಕೆ, ಅದಕ್ಕೆ ಎದುರಾಗಿ ಕೆಳಗಿರುವ ಮತ್ತೊಂದು, ಇವೆರಡನ್ನು ಬಡಿಯುತ್ತ ಮುಂದೆ ಸಾಗುತ್ತದೆ. ಓಡಿ ತಪ್ಪಿಸಿಕೊಳ್ಳಲಾರದ ಪ್ರಾಣಿಯು ಬೇರೆ ಉಪಾಯವನ್ನು ಹುಡುಕಬೇಕಷ್ಟೆ. ಬೆದರಿದ ಕೂಡಲೆ ಇದು ಗುಟುಕು ಗುಟುಕಾಗಿ ನೀರನ್ನು ಕುಡಿದು ಜಠರವನ್ನು ತುಂಬಿಕೊಳ್ಳುತ್ತದೆ. ಆ ಜಠರವು ಮಡಿಕೆ ಮಡಿಕೆಯಾಗಿದ್ದು ಚೀಲದಂತೆ ಹಿಗ್ಗುವುದು. ಹಿಗ್ಗುವುದಕ್ಕೆ ಅಡ್ಡಬರುವ ಪಕ್ಕೆಲುಬುಗಳು ಇದಕ್ಕಿಲ್ಲ. ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆಗಳೂ ಇಲ್ಲ. ಚರ್ಮವು ರಬ್ಬರಿನಂತೆ ಎಳೆಯುತ್ತದೆ. ಹೀಗೆ ಕ್ಷಣಮಾತ್ರದಲ್ಲಿ ಒಂದು ತುತ್ತಾಗಿದ್ದ ಮೀನು ಯಾವ ಬಾಯಿಗೂ ಹಿಡಿಸದ ಚೆಂಡಾಗುತ್ತದೆ. ನೀರಿನಿಂದ ಹೊರತೆಗೆದರೆ ಗಾಳಿಯನ್ನೇ ನುಂಗಿ ಉಬ್ಬುವುದುಂಟು.

ಮಂದಮತಿಯೆಂದು ಇದನ್ನು ಹಳಿಯಬೇಕಾಗಿಲ್ಲ. ಜಪಾನಿನ ಅಮಾಮಿ ದ್ವೀಪದ ಬಳಿ ಸಮುದ್ರದ ತಳದ ಮರಳಿನಲ್ಲಿ ಸುಮಾರು ಎರಡು ಮೀಟರು ಅಗಲದ, ರಂಗವಲ್ಲಿಯಂಥ ಚಕ್ರಗಳನ್ನು ಮುಳುಗುಗಾರರು ೧೯೯೫ರ ಸುಮಾರಿನಲ್ಲಿ ಕಂಡರು. ಬರೆದವರು ಯಾರೆಂಬುದು ಬಹುಕಾಲ ತಿಳಿಯಲಿಲ್ಲ. ಕೊನೆಗೆ ಗೇಣುದ್ದವೂ ಇಲ್ಲದ ಒಂದು ಗಂಡು ಉಬ್ಬುಮೀನು ಹೆಣ್ಣನ್ನು ಕರೆಯುವುದಕ್ಕಾಗಿ ಹಗಲಿರುಳು ರೆಕ್ಕೆಯಿಂದ ಮರಳನ್ನು ಕೆದಕಿ ಅದನ್ನು ರಚಿಸುವುದೆಂದು ತಿಳಿದುಬಂದಿತು. ೨೦೧೪ರಲ್ಲಿ ಆ ಜಾತಿಗೆ ಶಾಸ್ತ್ರೀಯ ನಾಮಕರಣವಾಯಿತು.

ಇನ್ನು ನಮ್ಮ ಅರಬ್ಬೀ ಸಮುದ್ರಕ್ಕೆ ಬರೋಣ. ಕರ್ನಾಟಕ ಮತ್ತು ಕೇರಳದ ಕರಾವಳಿಯಾಚೆ ಬಲೆಗೆ ಬೀಳುವ ಉಬ್ಬುಮೀನುಗಳಲ್ಲಿ ಮುಖ್ಯವಾದದ್ದು ಲ್ಯಾಗೊಸೆಫಾಲಸ್ ಎಂಬ ಗಣ. ಮೊಲದ ತಲೆಯುಳ್ಳದ್ದು ಎಂದು ಆ ಗ್ರೀಕ್ ಪದದ ಅರ್ಥ. ಈ ಗಣದ ನಾಲ್ಕು ಜಾತಿಗಳ ಗುರುತನ್ನು ತಿಳಿದಿದ್ದರೆ ನಮ್ಮ ಕೆಲಸಕ್ಕೆ ಸಾಕು. ಕಣ್ಣಿಗಿಂತ ಬೆರಳು ಇಲ್ಲಿ ಹೆಚ್ಚಿನ ಸಾಕ್ಷಿ. ಈ ಮೀನುಗಳಿಗೆ ಹುರುಪೆಗಳಿಲ್ಲ. ಅವುಗಳ ಬದಲು ಚರ್ಮದಲ್ಲಿ ಮರಳುಕಾಗದದಂತೆ ಸಣ್ಣ ಸಣ್ಣ ಮುಳ್ಳುಗಳಿವೆ. ಆ ಮುಳ್ಳುಗಳು ಮೈಯ ಯಾವ ಭಾಗದಲ್ಲಿ ಎಲ್ಲಿಯವರೆಗೆ ಹಬ್ಬಿವೆ ಎಂಬುದೇ ಜಾತಿಯನ್ನು ಹೇಳುತ್ತದೆ.

ಒಂದನೆಯದು ಇನರ್ಮಿಸ್. ನಿರಾಯುಧ ಎಂದು ಆ ಮಾತಿನ ಅರ್ಥ. ಇದರ ಬೆನ್ನು ನುಣುಪು. ಮುಳ್ಳುಗಳಿರುವುದು ಹೊಟ್ಟೆಯ ಮೇಲೆ ಮಾತ್ರ. ಕಿವಿರಿನ ರಂಧ್ರದ ಸುತ್ತ ಕಪ್ಪು. ಎರಡನೆಯದು ಸ್ಪೇಡಿಸಿಯಸ್. ಇದರ ಬೆನ್ನಿನ ಮೇಲೆ ಮುಳ್ಳುಗಳುಂಟು. ಆದರೆ ತಲೆಯ ಕಡೆಯಿಂದ ಹೊರಟ ಆ ಪಟ್ಟಿಯು ನಡುದಾರಿಯಲ್ಲಿಯೇ ನಿಂತು ಬೆನ್ನಿನ ಈಜುರೆಕ್ಕೆಯನ್ನು ಮುಟ್ಟುವುದಿಲ್ಲ. ಮೂರನೆಯದು ಲೂನಾರಿಸ್. ನೋಡುವುದಕ್ಕೆ ಎರಡನೆಯದರ ಅವಳಿಯಂತಿರುವ ಇದರಲ್ಲಿ ಮುಳ್ಳಿನ ಪಟ್ಟಿಯು ಈಜುರೆಕ್ಕೆಯ ಬುಡದವರೆಗೂ ಹಬ್ಬಿರುತ್ತದೆ. ನಾಲ್ಕನೆಯದು ಸೆಲೆರೇಟಸ್, ಪಾಪಿಷ್ಠ ಎಂಬ ಅರ್ಥದ ಹೆಸರು. ನೀಳವಾದ ಮೈ, ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳು, ಪಕ್ಕದಲ್ಲಿ ಬಾಯಿಯಿಂದ ಬಾಲದವರೆಗೆ ಬೆಳ್ಳಿಯ ಪಟ್ಟೆ. ಒಂದು ಮೀಟರಿನವರೆಗೆ ಬೆಳೆಯಬಲ್ಲ ಮೀನಿದು. ೧೮೬೯ರಲ್ಲಿ ತೆರೆದ ಸೂಯೆಜ್ ಕಾಲುವೆಯ ಮಾರ್ಗವಾಗಿ ಇದು ಮೆಡಿಟರೇನಿಯನ್ ಸಮುದ್ರವನ್ನು ಹೊಕ್ಕು, ೨೦೦೩ರಲ್ಲಿ ತುರ್ಕಿಯ ತೀರದಲ್ಲಿ ಸಿಕ್ಕಿತು. ಈಚೆಗೆ ಅಲ್ಲಿನ ಬೆಸ್ತರಿಗೆ ದೊಡ್ಡ ಪೀಡೆಯಾಗಿದೆ.

ಇವುಗಳಿಗೆ ಹತ್ತಿರದ ಸಂಬಂಧಿಯಾದ ಮುಳ್ಳುಹಂದಿ ಮೀನನ್ನು ಬೇರೆಯಾಗಿ ತಿಳಿಯಬೇಕು. ಅದರ ಮೈಮೇಲೆ ಉದ್ದವಾದ ಗಟ್ಟಿ ಮುಳ್ಳುಗಳಿರುತ್ತವೆ. ಮೇಲೊಂದು ಕೆಳಗೊಂದು, ಎರಡೇ ಹಲ್ಲಿನ ಫಲಕಗಳು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಪೇಡಿಸಿಯಸ್ಸಿನ ಮಾಂಸದಲ್ಲಿ ವಿಷವು ಇಲ್ಲವೆನ್ನುವಷ್ಟು ಕಡಮೆಯೆಂದು ಹೇಳುವುದುಂಟು. ಲೂನಾರಿಸ್ಸಿನಲ್ಲಾದರೋ ಮಾಂಸವೂ ವಿಷವೇ. ಬದುಕಿಗೂ ಸಾವಿಗೂ ನಡುವೆ ಇರುವ ವ್ಯತ್ಯಾಸವೆಂದರೆ ಬೆನ್ನಿನ ಮೇಲೆ ಎರಡು ಬೆರಳಿನಷ್ಟು ಒರಟು ಚರ್ಮ. ತಲೆಯನ್ನು ಕತ್ತರಿಸಿ ಚರ್ಮವನ್ನು ಸುಲಿದು ಬಿಳಿಯ ಮಾಂಸವನ್ನು ಮಾತ್ರ ತಟ್ಟೆಯಲ್ಲಿಟ್ಟರೆ, ಈ ಸಾಕ್ಷಿಯೆಲ್ಲವೂ ಅಳಿದುಹೋಗಿರುತ್ತದೆ. ಆಮೇಲೆ ಇದು ಇಂಥ ಮೀನೆಂದು ಹೇಳುವುದು ಪ್ರಯೋಗಶಾಲೆಯವರಿಗೆ ಸಾಧ್ಯವೇ ಹೊರತು ಅಡಿಗೆಯವರಿಗಲ್ಲ.

ಆ ವಿಷದ ಪ್ರಭಾವವನ್ನು ಅನುಭವಿಸಿ ಬದುಕಿದವರಲ್ಲಿ ಪ್ರಸಿದ್ಧನಾದವನು ನಾವಿಕನಾದ ಕ್ಯಾಪ್ಟನ್ ಕುಕ್. ೧೭೭೪ನೆಯ ಸೆಪ್ಟೆಂಬರಿನಲ್ಲಿ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಅವನೂ ಫಾರ್‌ಸ್ಟರ್ ಎಂಬ ತಂದೆಮಕ್ಕಳಿಬ್ಬರೂ ಇಂಥದೊಂದು ಮೀನಿನ ಯಕೃತ್ತನ್ನೂ ತತ್ತಿಯನ್ನೂ ಬರಿಯ ರುಚಿನೋಡುವಷ್ಟು ತಿಂದರು. ರಾತ್ರಿಯಲ್ಲಿ ಕೈಕಾಲು ಮರಗಟ್ಟಿತು. ಭಾರವಾದ ವಸ್ತುವಿಗೂ ಹಗುರವಾದ ವಸ್ತುವಿಗೂ ಭೇದ ತಿಳಿಯದಾಯಿತು. ಅವರು ಹೇಗೋ ಉಳಿದರು. ಒಳಭಾಗಗಳನ್ನು ತಿಂದ ಹಂದಿಯೊಂದು ಬೆಳಗಾಗುವಾಗ ಸತ್ತಿತ್ತು.

೧೯೦೯ರಲ್ಲಿ ಜಪಾನಿನ ತಾಹಾರಾ ಎಂಬ ರಸಾಯನಶಾಸ್ತ್ರಜ್ಞನು ಈ ವಿಷಕ್ಕೆ ಟೆಟ್ರೊಡೊಟಾಕ್ಸಿನ್ ಎಂದು ಹೆಸರಿಟ್ಟನು. ಅದರ ಅಣುವಿನ ರಚನೆಯು ೧೯೬೪ರವರೆಗೆ ಬಿಡಿಸಲಾಗದ ಒಗಟಾಗಿತ್ತು; ಆ ವರ್ಷ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆ ಬೇರೆ ಪಂಡಿತರು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಅದನ್ನು ಬಿಡಿಸಿದರು. ಕ್ಯಾಲಿಫೋರ್ನಿಯಾದ ನ್ಯೂಟ್ ಎಂಬ, ಹಲ್ಲಿಯ ಆಕಾರದ ಉಭಯವಾಸಿಯ ಮೈಯಲ್ಲಿರುವ ವಿಷವೂ ಇದೇ ಎಂದು ಆಗಲೇ ತಿಳಿಯಿತು. ಆಮೇಲೆ ನೀಲಿಯ ಉಂಗುರಗಳುಳ್ಳ ಆಕ್ಟೋಪಸ್ಸಿನಲ್ಲಿಯೂ ಇದೇ ಸಿಕ್ಕಿತು.

ಇದು ಮಾಡುವುದೇನು? ನಮ್ಮ ನರದ ಎಳೆಯನ್ನು ಕೆರೆಯ ಏರಿಗೆ ಹೋಲಿಸಿ ನೋಡೋಣ. ಎಳೆಯ ಹೊರಗೆ ಸೋಡಿಯಂ ಎಂಬ ಉಪ್ಪಿನಂಶವು ತುಂಬಿದ ಕೆರೆಯ ನೀರಿನಂತೆ ನಿಂತಿದೆ; ಒಳಗೆ ಅದು ಕಡಮೆ. ಏರಿಯ ಉದ್ದಕ್ಕೂ ಅತಿ ಸೂಕ್ಷ್ಮವಾದ ತೂಬುಗಳಿವೆ. ಮೆದುಳಿನಿಂದ ಆಜ್ಞೆ ಹೊರಟಾಗ ಮೊದಲ ತೂಬು ತೆರೆಯುತ್ತದೆ; ಸೋಡಿಯಂ ಒಳಕ್ಕೆ ನುಗ್ಗುತ್ತದೆ; ಆ ನುಗ್ಗುವಿಕೆಯೇ ಪಕ್ಕದ ತೂಬನ್ನು ತೆರೆಸುತ್ತದೆ. ಹೀಗೆ ತೂಬಿನಿಂದ ತೂಬಿಗೆ ಆಜ್ಞೆಯು ಓಡಿ ಸ್ನಾಯುವನ್ನು ಮುಟ್ಟುತ್ತದೆ. ಟೆಟ್ರೊಡೊಟಾಕ್ಸಿನ್ನಿನ ಅಣುವು ಹೊರಗಡೆಯಿಂದ ಬಂದು ಈ ತೂಬಿನ ಬಾಯಿಗೆ ಬಿರಡೆಯಂತೆ ಕೂತುಬಿಡುತ್ತದೆ. ಏರಿಯು ಒಡೆದಿಲ್ಲ, ನೀರು ಬತ್ತಿಲ್ಲ, ಆದರೆ ಕಾಲುವೆಗೆ ಹನಿಯೂ ಇಳಿಯದು. ಬೇರೆ ಯಾವ ಬಗೆಯ ತೂಬನ್ನೂ ಮುಟ್ಟದೆ ಇದೊಂದನ್ನೇ ಮುಚ್ಚುವುದರಿಂದ, ನರದಲ್ಲಿ ಯಾವ ತೂಬಿನ ಕೆಲಸ ಯಾವುದು ಎಂಬುದನ್ನು ವಿಂಗಡಿಸುವುದಕ್ಕೆ ಶಾಸ್ತ್ರಜ್ಞರಿಗೆ ಇದು ಉತ್ತಮವಾದ ಉಪಕರಣವಾಯಿತು. ಮೀನಿಗೆ ತನ್ನ ವಿಷ ತಗುಲದಿರುವುದಕ್ಕೂ ಕಾರಣ ಇಲ್ಲಿಯೇ ಇದೆ: ಅದರ ತೂಬಿನ ಬಾಯಿಯ ಆಕಾರ ಕೊಂಚ ಬೇರೆ, ಬಿರಡೆಯು ಅಲ್ಲಿ ಕೂರುವುದಿಲ್ಲ.

ಈ ವಿಷವನ್ನು ಮೀನು ತಾನಾಗಿ ತಯಾರಿಸುವುದಿಲ್ಲವೆಂಬುದು ಆಶ್ಚರ್ಯದ ಸಂಗತಿ. ಸಮುದ್ರದ ಕೆಲವು ಬ್ಯಾಕ್ಟೀರಿಯಗಳು ಅದನ್ನು ಮಾಡುತ್ತವೆ. ಅವುಗಳಿಂದ ಸಣ್ಣ ಜೀವಿಗಳಿಗೆ, ಅಲ್ಲಿಂದ ಶಂಖದ ಹುಳು, ನಕ್ಷತ್ರಮೀನುಗಳಿಗೆ, ಅಲ್ಲಿಂದ ಉಬ್ಬುಮೀನಿಗೆ ವಿಷವು ಆಹಾರದ ಮೂಲಕ ಏರುತ್ತ ಬರುತ್ತದೆ. ಕೃಷಿಕೊಳಗಳಲ್ಲಿ ಶುದ್ಧವಾದ ಆಹಾರವನ್ನೇ ಕೊಟ್ಟು ಬೆಳೆಸಿದ ಉಬ್ಬುಮೀನುಗಳಲ್ಲಿ ವಿಷವಿಲ್ಲದಿರುವುದು ಇದಕ್ಕೆ ಪ್ರಮಾಣ. ಇದರಿಂದ ಹೊರಡುವ ತಾತ್ಪರ್ಯವನ್ನು ಗಮನಿಸಬೇಕು. ಒಂದೇ ಜಾತಿಯ ಮೀನಿನಲ್ಲಿ ಊರಿನಿಂದ ಊರಿಗೆ, ಕಾಲದಿಂದ ಕಾಲಕ್ಕೆ, ಮೀನಿನಿಂದ ಮೀನಿಗೆ ವಿಷದ ಪ್ರಮಾಣ ಬೇರೆಯಾಗುವುದು. ಯಕೃತ್ತಿನಲ್ಲಿಯೂ ಅಂಡಾಶಯದಲ್ಲಿಯೂ ಅದು ಹೆಚ್ಚು. ಮೊಟ್ಟೆಯಿಡುವ ಕಾಲದಲ್ಲಿ ಮತ್ತಷ್ಟು ಹೆಚ್ಚು. ಹೋದ ತಿಂಗಳು ತಿಂದೆವು, ಏನೂ ಆಗಲಿಲ್ಲ ಎಂಬ ಮಾತು ಆದಕಾರಣ ಪ್ರಮಾಣವಲ್ಲ.

ಮನುಷ್ಯನನ್ನು ಕೊಲ್ಲಲು ಇದರ ಒಂದೆರಡು ಮಿಲಿಗ್ರಾಮು ಸಾಕೆಂದು ಅಂದಾಜು. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ರುಚಿಯಿಂದಾಗಲಿ ಅದು ತನ್ನ ಇರವನ್ನು ತಿಳಿಸುವುದಿಲ್ಲ. ಕುದಿಸಿದರೆ ಕೆಡುವುದಿಲ್ಲ, ಹುರಿದರೆ ಹೋಗುವುದಿಲ್ಲ, ಉಪ್ಪುಹಾಕಿ ಒಣಗಿಸಿದರೂ ಮಂಜಿನಲ್ಲಿ ಇಟ್ಟರೂ ಹಾಗೆಯೇ ಇರುವುದು. ಹುಣಿಸೆಹಣ್ಣು, ಅರಿಶಿನಗಳಿಂದ ವಿಷ ಮುರಿಯುವುದೆಂಬ ನಂಬಿಕೆಗೆ ಇಲ್ಲಿ ಎಡೆಯಿಲ್ಲ.

ತಿಂದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳ ಒಳಗೆ ತುಟಿ, ನಾಲಗೆಗಳಲ್ಲಿ ಜುಮುಜುಮು ಎನ್ನುವುದು ಮೊದಲ ಲಕ್ಷಣ. ಅದು ಮುಖಕ್ಕೂ ಬೆರಳುಗಳಿಗೂ ಹಬ್ಬುತ್ತದೆ. ತಲೆಸುತ್ತು, ವಾಂತಿ, ಬಳಿಕ ನಡಿಗೆ ತಡವರಿಸುತ್ತದೆ, ಮಾತು ತೊದಲುತ್ತದೆ, ಕೈಕಾಲು ಬೀಳುತ್ತವೆ. ಕೊನೆಯಲ್ಲಿ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ವಿಷವು ಮೆದುಳಿನೊಳಕ್ಕೆ ಸುಲಭವಾಗಿ ಇಳಿಯದಿರುವುದರಿಂದ, ರೋಗಿಗೆ ಕಣ್ಣು ತೆರೆಯುವ ಶಕ್ತಿಯಿಲ್ಲದಿದ್ದರೂ ಸುತ್ತಲಿನ ಮಾತೆಲ್ಲ ಕೇಳಿಸುತ್ತಿರಬಹುದು. ಸತ್ತಂತೆ ಕಾಣುವವನು ಸತ್ತಿಲ್ಲದಿರಬಹುದೆಂಬ ಈ ಸಂಗತಿಯನ್ನು ಮನೆಯವರು ಮರೆಯಬಾರದು.

ಇದಕ್ಕೆ ಪ್ರತಿವಿಷವಿಲ್ಲ. ಆದರೆ ಚಿಕಿತ್ಸೆಯುಂಟು. ವಿಷವು ನರವನ್ನು ನಾಶಮಾಡುವುದಿಲ್ಲ, ತಡೆದಿಡುತ್ತದೆ ಅಷ್ಟೆ. ಮೂತ್ರದ ಮೂಲಕ ಅದು ಹೊರಹೋಗುತ್ತದೆ. ಅಲ್ಲಿಯವರೆಗೆ ಯಂತ್ರದಿಂದ ಉಸಿರಾಡಿಸುತ್ತಿದ್ದರೆ ರೋಗಿ ಬದುಕುತ್ತಾನೆ. ಒಂದು ಹಗಲು ಒಂದು ರಾತ್ರಿ ಕಳೆದರೆ ಬಹುಮಟ್ಟಿಗೆ ಗಂಡಾಂತರ ಕಳೆಯಿತೆಂದೇ ಅರ್ಥ. ತುಟಿ ಜುಮುಗುಟ್ಟಿದ ಕೂಡಲೆ ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಹೋಗುವುದೇ ಸರಿ. ತಿಂದ ಮೀನಿನ ಉಳಿದ ಭಾಗವನ್ನೂ ಕೊಂಡೊಯ್ಯಬೇಕು. ೨೦೦೮ರಲ್ಲಿ ಬಾಂಗ್ಲಾದೇಶದಲ್ಲಿ ಮಾರುಕಟ್ಟೆಯ ಉಬ್ಬುಮೀನನ್ನು ತಿಂದು ಒಂದೇ ಸಲಕ್ಕೆ ಹಲವು ಸಂಸಾರಗಳು ವಿಷಕ್ಕೆ ತುತ್ತಾಗಿ ಅನೇಕರು ಸತ್ತರು. ಹೊತ್ತಿಗೆ ಸರಿಯಾಗಿ ಉಸಿರನ್ನು ನಡೆಸಿಕೊಟ್ಟಿದ್ದಲ್ಲಿ ಇಂಥವರಲ್ಲಿ ಎಷ್ಟೋ ಮಂದಿ ಉಳಿಯುವುದು ಸಾಧ್ಯ.

ನಮ್ಮ ಕರಾವಳಿಯಲ್ಲಿ ಇದು ಏತಕ್ಕೆ ಈಗ ಮಾತಿಗೆ ಬರುತ್ತಿದೆ? ಈ ಶತಮಾನದ ಮೊದಲ ದಶಕದ ಕೊನೆಯಿಂದ ಅರಬ್ಬೀ ಸಮುದ್ರದಲ್ಲಿ ಇನರ್ಮಿಸ್ ಹಿಂಡು ಹಿಂಡಾಗಿ ಕಾಣಿಸಿಕೊಳ್ಳತೊಡಗಿತು. ಬಲೆಗೆ ಬಿದ್ದ ಕಪ್ಪೆ ಬೊಂಡಾಸ ಮುಂತಾದ ಬೆಲೆಯುಳ್ಳ ಜೀವಿಗಳನ್ನು ಬಲೆಯೊಳಗೇ ಕಚ್ಚಿ ತಿನ್ನುವುದು, ಗಿಣಿಕೊಕ್ಕಿನಿಂದ ಬಲೆಯನ್ನು ಹರಿಯುವುದು, ಇದು ಬೆಸ್ತರ ದೂರು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ವಿಚಾರಿಸಿ ೨೦೧೩ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕಾಲದಲ್ಲಿ, ೧೯೩೨ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿ, ಪ್ರಾಣಿಶಾಸ್ತ್ರದ ಪ್ರೊಫೆಸರಾಗಿದ್ದ ಸಿ. ಆರ್. ನಾರಾಯಣರಾಯರ ಸಂಪಾದಕತ್ವದಲ್ಲಿ ಬೆಳೆದ ಪತ್ರಿಕೆ ಅದು. ವಿಜ್ಞಾನಿಗಳ ವಾದವಿದು: ಉಬ್ಬುಮೀನನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದ ಕೋಬಿಯಾ ಎಂಬ ದೊಡ್ಡ ಮೀನನ್ನು ಮನುಷ್ಯನು ಹೆಚ್ಚಾಗಿ ಹಿಡಿದು ಕಡಮೆಮಾಡಿದನು, ಶತ್ರುವು ತಗ್ಗಿದಾಗ ಉಬ್ಬುಮೀನು ಹೆಚ್ಚಿತು. ಹೊಲದಲ್ಲಿ ಹಾವನ್ನೆಲ್ಲ ಕೊಂದ ಮೇಲೆ ಇಲಿಯ ಕಾಟವೆಂದು ಗೋಳಾಡುವ ರೈತನ ಕಥೆಯಂತಾಯಿತು ಇದು.

ಹೆಚ್ಚಿದ ಮೀನನ್ನು ಏನು ಮಾಡುವುದು? ಹಿಂದೆ ಕಡಲಿಗೇ ಎಸೆಯುತ್ತಿದ್ದ ಇದನ್ನು, ತಲೆ, ಚರ್ಮ, ಒಳಭಾಗಗಳನ್ನು ತೆಗೆದು ಮಾರುವ ರೂಢಿಯು ಕೇರಳದ ಕೆಲವು ಬಂದರುಗಳಲ್ಲಿ ಬಂದಿದೆ. ಬಲೆ ಹರಿದುಕೊಂಡ ಬೆಸ್ತನಿಗೆ ನಾಲ್ಕು ಕಾಸು ಬರಲಿ ಎಂಬ ವಾದದಲ್ಲಿ ಕರುಣೆಯೂ ಇದೆ, ನ್ಯಾಯವೂ ಇದೆ. ಜಪಾನಿನವರು ತಿನ್ನುವುದಿಲ್ಲವೆ ಎಂದೂ ಕೇಳುವರು. ತಿನ್ನುವುದು ನಿಜ. ಅಲ್ಲಿ ಶತಮಾನಗಳ ಕಾಲ ನಿಷೇಧವಿದ್ದು, ೧೮೮೮ರಲ್ಲಿ ಪ್ರಧಾನಿ ಇಟೋ ಹಿರೋಬುಮಿಯ ಆಸಕ್ತಿಯಿಂದ ಷಿಮೊನೊಸೆಕಿಯ ಪ್ರಾಂತದಲ್ಲಿ ಮೊದಲು ಅದು ಸಡಿಲವಾಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ಮಾತ್ರ ಅದನ್ನು ಕೊಯ್ಯತಕ್ಕದ್ದು. ಅಷ್ಟಿದ್ದೂ ೧೯೭೫ರಲ್ಲಿ ಕಬುಕಿ ರಂಗದ ಮಹಾನಟನಾದ ಎಂಟನೆಯ ಬಾಂಡೋ ಮಿತ್ಸುಗೊರೊ ಎಂಬವನು ಕಿಯೋಟೋ ನಗರದಲ್ಲಿ ಇದರ ಯಕೃತ್ತನ್ನು ತಿಂದು ಸತ್ತನು. ಐರೋಪ್ಯ ಒಕ್ಕೂಟವು ತನ್ನ ೨೦೦೪ರ ನಿಯಮದಲ್ಲಿ ಈ ಇಡೀ ಕುಟುಂಬದ ಮೀನುಗಳನ್ನು ಮಾರುಕಟ್ಟೆಯಿಂದಲೇ ಹೊರಗಿಟ್ಟಿದೆ. ನಮ್ಮಲ್ಲಿಯಾದರೋ ಜಪಾನಿನ ಪರೀಕ್ಷೆಯೂ ಇಲ್ಲ, ಐರೋಪ್ಯರ ಬಿಗಿಯೂ ನಡೆವಳಿಕೆಯಲ್ಲಿ ಕಾಣದು.

ನನ್ನ ಅಭಿಪ್ರಾಯ ಇಷ್ಟು. ನಿರಾಯುಧವೆಂಬ ಹೆಸರಿನ ಮೀನೊಂದೇ ಬಲೆಗೆ ಬೀಳುವುದಾಗಿದ್ದರೆ ವಿಚಾರ ಬೇರೆಯಾಗುತ್ತಿತ್ತು. ಆದರೂ ಅದರ ಯಕೃತ್ತಿನ ಮಾತನ್ನು ನಂಬುವಂತಿಲ್ಲ. ಅದರೊಡನೆ ಲೂನಾರಿಸ್ಸೂ ಬೀಳುತ್ತದೆ. ದಡದಲ್ಲಿ, ತಲೆಯೂ ಚರ್ಮವೂ ಮೈಮೇಲೆ ಇರುವಾಗಲೇ, ಬಲ್ಲವರು ಒಂದೊಂದನ್ನೂ ಬೆರಳಾಡಿಸಿ ನೋಡಿ ಬೇರ್ಪಡಿಸುವ ಏರ್ಪಾಡು ಆಗುವವರೆಗೆ, ಘಟ್ಟದ ಮೇಲಿನ ನಾವು ಈ ಮೀನನ್ನು ಕೊಳ್ಳದಿರುವುದೇ ಲೇಸು. ತಲೆಯಿಲ್ಲದ, ಚರ್ಮವಿಲ್ಲದ, ಹೆಸರು ಹೇಳಲಾಗದ ಮೀನಿನ ತುಂಡನ್ನು ಬೆಲೆ ಕಡಮೆಯೆಂದು ಕೊಳ್ಳಬಾರದು. ಇಡಿಯ ಮೀನಾದರೆ ಬಾಯಿಯನ್ನು ತೆರೆದು ನೋಡಿರಿ. ಗಿಣಿಯ ಕೊಕ್ಕಿನಂಥ ನಾಲ್ಕು ಹಲ್ಲುಗಳು, ಹುರುಪೆಯಿಲ್ಲದ ಮೈ, ಹೊಟ್ಟೆಯ ಕೆಳಗೆ ಜೋಡಿರೆಕ್ಕೆಯಿಲ್ಲದಿರುವುದು, ಈ ಮೂರೂ ಕೂಡಿದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿರಿ.

ಬೆಸ್ತನ ನಷ್ಟಕ್ಕೆ ಪರಿಹಾರವು ಈ ಮೀನನ್ನು ನಮ್ಮ ತಟ್ಟೆಗೆ ಇಳಿಸುವುದರಲ್ಲಿಲ್ಲ. ಕೋಬಿಯಾದಂಥ ದೊಡ್ಡ ಮೀನುಗಳು ಮತ್ತೆ ಬೆಳೆಯುವಂತೆ ಕಡಲಿಗೆ ಬಿಡುವು ಕೊಡುವುದರಲ್ಲಿದೆ. ಅದು ನಿಧಾನದ ಕೆಲಸ. ಮಲ್ಪೆ, ಮಂಗಳೂರಿನವರ ಜೊತೆಗೆ ಅವರ ಮೀನನ್ನು ತಿನ್ನುವ ಮೈಸೂರಿನವರೂ ಕೇಳಬೇಕಾದ ಕೆಲಸ.